ಕೂರದ ಗಿರಾಕಿ

ಸವೆದಿದ್ದದ್ದು ಕೌಂಟರಮ್ಮನ ಬಲಗಾಲಿನ ಮಂಡಿ. ಅದನ್ನು ಸರಿಪಡಿಸಲು ಇಟ್ಟಿದ್ದ ಹಣ ಸಿಕ್ಕಿಕೊಂಡಿದ್ದದ್ದು ಊರಿನ ಆಚೆ ತುದಿಯ ತೂಕ ಇಳಿಸುವ ಕೇಂದ್ರವೊಂದರಲ್ಲಿ. ಆಸ್ಪತ್ರೆಯವರು ಆಪರೇಷನ್ನಿಗೆ ದಿನ ಗೊತ್ತುಮಾಡಿದ್ದರು. ಶನಿವಾರದೊಳಗೆ ಮುಂಗಡ ಕಟ್ಟದಿದ್ದರೆ ಆ ದಿನ ಸಾಲಿನಲ್ಲಿ ಹಿಂದಿರುವವರಿಗೆ ಹೋಗುತ್ತದೆ, ಮತ್ತೆ ದಿನ ಸಿಗುವುದು ಬರುವ ವರ್ಷವೇ ಎಂದು ಸ್ಪಷ್ಟವಾಗಿ ಹೇಳಿದ್ದರು. ಮನೆ ಇದ್ದದ್ದು ಮೂರನೆಯ ಮಹಡಿಯಲ್ಲಿ. ಇನ್ನೊಂದು ವರ್ಷ ಎಂದರೆ ಇನ್ನೊಂದು ವರ್ಷ ಕಿಟಕಿಯಿಂದಲೇ ಬೀದಿಯನ್ನು ನೋಡುವುದು.

ಕೌಂಟರಮ್ಮ ಎಂಬುದು ಹೆತ್ತವರಿಟ್ಟ ಹೆಸರಲ್ಲ. ದೊಡ್ಡ ಜವಳಿ ಅಂಗಡಿಯೊಂದರಲ್ಲಿ, ಕೊಂಡ ಬಟ್ಟೆಯನ್ನು ಹಿಂದಕ್ಕೆ ತರುವ ಗಿರಾಕಿಗಳಿಗೆಂದೇ ಇದ್ದ ಕೌಂಟರಿನಲ್ಲಿ ಆಕೆ ದುಡಿಮೆಯ ಕಾಲವನ್ನೆಲ್ಲ ನಿಂತು ಕಳೆದಿದ್ದರು. ಬಣ್ಣ ಬಿಟ್ಟ ಶರಟು, ಒಗೆದ ಮೇಲೆ ಕುಗ್ಗಿದ ಪ್ಯಾಂಟು, ಗಂಡನಿಗೆ ಹಿಡಿಸದ ಪರದೆ ಹೊತ್ತು, ಮುಖ ಗಂಟಿಕ್ಕಿಕೊಂಡು ಬಂದವರೆಲ್ಲ ಆಕೆಯ ಪಾಲು. ಅಂಗಡಿಯನ್ನು ಬಿಟ್ಟ ಮೇಲೂ ಹೆಸರು ಆಕೆಯನ್ನು ಬಿಡಲಿಲ್ಲ.

ಮಗ ಲಿಫ್ಟ್ ಮೆಕ್ಯಾನಿಕ್. ಒಳ್ಳೆಯವನು, ಆದರೆ ಎದುರಿಗಿರುವವರ ಮುಖ ಬಾಡುವುದನ್ನು ನೋಡಲಾರದವನು. ಕೇಂದ್ರವಿದ್ದ ಕಟ್ಟಡದ ಲಿಫ್ಟ್ ಕೆಟ್ಟಾಗ ಸರಿಪಡಿಸಲು ಹೋದವನು ಅವನೇ. ಕೆಲಸ ಮುಗಿದ ಮೇಲೆ ಕೇಂದ್ರದ ಕೌನ್ಸೆಲರ್ ಹುಡುಗಿ ಅವನಿಗೆ ಕಾಫಿ ಕೊಟ್ಟು, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ವಿಚಾರಿಸಿದಳು. ತಾಯಿಯ ಮಂಡಿಯ ಮಾತು ಬಂತು. ಸ್ವಲ್ಪ ತೂಕ ಇಳಿಯದೆ ಆಪರೇಷನ್ ಮಾಡುವಂತಿಲ್ಲ ಎಂದು ಡಾಕ್ಟರು ಹೇಳಿದ್ದೂ ಬಂತು. ಹುಡುಗಿ ಒಂದು ಲೆಕ್ಕವನ್ನು ಮುಂದಿಟ್ಟಳು: ತೂಕ ಇಳಿಯದೆ ಆಪರೇಷನ್ ಇಲ್ಲ, ಆದ್ದರಿಂದ ತೂಕಕ್ಕೆ ಹಾಕಿದ ಹಣವೂ ಮಂಡಿಗೇ ಹಾಕಿದ ಹಣ. ಅವನು ಒಪ್ಪಿದ. ತಾಯಿಗೆ ನಿವೃತ್ತಿಯಲ್ಲಿ ಬಂದು ತನ್ನ ಖಾತೆಯಲ್ಲಿದ್ದ ಹಣವನ್ನು ಕುರ್ಚಿಯಿಂದ ಏಳುವ ಮೊದಲೇ ಫೋನಿನಿಂದ ಕಳಿಸಿದ. ಲೆಕ್ಕ ತಪ್ಪಿದ್ದು ಒಂದೇ ಕಡೆ: ಒಮ್ಮೆ ಕೊಟ್ಟ ಹಣವನ್ನು ಇನ್ನೊಮ್ಮೆ ಕೊಡಲು ಬರುವುದಿಲ್ಲ.

"ಲಿಫ್ಟ್ ರಿಪೇರಿಗೆ ಹೋದೋನು ನನ್ನನ್ನೇ ಅಡ ಇಟ್ಟು ಬಂದ್ಯಲ್ಲೋ," ಎಂದಿದ್ದರು ಕೌಂಟರಮ್ಮ.

ಆ ಕೇಂದ್ರದ ಚಿಕಿತ್ಸೆ ಎಂದರೆ ಮೈಗೆ ಬಿಸಿ ಕಂಬಳಿ ಸುತ್ತುವುದು, ಹೊಟ್ಟೆಗೆ ನಡುಗುವ ಬೆಲ್ಟ್ ಕಟ್ಟುವುದು. ಡಾಕ್ಟರು ಅದನ್ನು ಕೇಳಿ, ಆಕೆಯ ರಕ್ತದೊತ್ತಡಕ್ಕೆ ಅದು ಸಲ್ಲದು ಎಂದು ಚೀಟಿ ಬರೆದುಕೊಟ್ಟರು. ಕೌಂಟರಮ್ಮ ಮನೆಯಲ್ಲೇ ಊಟ ಕಡಿಮೆ ಮಾಡಿ ಬೇಕಾದಷ್ಟು ತೂಕವನ್ನು ಇಳಿಸಿದರು. ಡಾಕ್ಟರು ಮೆಚ್ಚಿ ದಿನ ಕೊಟ್ಟರು. ಉಳಿದದ್ದು ಹಣವನ್ನು ಬಿಡಿಸಿಕೊಳ್ಳುವ ಕೆಲಸ.

ಮೊದಲು ಹೋದವನು ಮಗ. ಜಾಡಿಸಿ ಬರುತ್ತೇನೆಂದು ತೋಳು ಮಡಚಿ ಹೊರಟವನು ಸಂಜೆ ಒಂದು ಟವೆಲ್ ಹಿಡಿದುಕೊಂಡು ಬಂದ.

"ಇದೇನೋ?"

"ಟವೆಲ್."

"ಅದು ಕಾಣ್ತಾ ಇದೆ. ಹಣ ಎಲ್ಲಿ?"

"ವಾಪಸ್ ಕೊಡೋದಕ್ಕಿಂತ ಅವಧಿ ಜಾಸ್ತಿ ಮಾಡ್ಕೊಡ್ತೀವಿ ಅಂದ್ರು ಅಮ್ಮ. ಆಪರೇಷನ್ ಆದ್ಮೇಲೂ ಬರಬಹುದಂತೆ. ಪೂರ್ತಿ ಫ್ರೀ."

"ಅದಕ್ಕೆ ನೀನೇನಂದೆ?"

"ಥ್ಯಾಂಕ್ಸ್ ಅಂದೆ."

ಕೌಂಟರಮ್ಮ ಕಣ್ಣು ಮುಚ್ಚಿಕೊಂಡರು. "ಸರಿ. ಆ ಟವೆಲ್‌ನ ಒಗೆಯೋಕೆ ಹಾಕು," ಎಂದರು.

ಆಮೇಲೆ ಹೋದವಳು ಸೊಸೆ. ಆಕೆ ಚಿಕ್ಕಮಕ್ಕಳ ಶಾಲೆಯಲ್ಲಿ ಟೀಚರು. ತರಕಾರಿಯವನ ಹತ್ತಿರ ಚೌಕಾಸಿ ಮಾಡುವಾಗ ಅವನೇ ಕೈಮುಗಿಯಬೇಕು, ಅಂಥವಳು. ಇವಳಿಂದಾದರೂ ಆದೀತು ಎಂದು ಅತ್ತೆ ನಂಬಿದ್ದರು. ಸೊಸೆ ಹಿಂದಿರುಗಿದಾಗ ಮುಖದಲ್ಲಿ ಗೆದ್ದ ಕಳೆಯಿತ್ತು.

"ಅತ್ತೇ, ವಾಪಸ್ ಅಂದ್ರೆ ತುಂಬಾ ತಡ ಆಗುತ್ತಂತೆ. ಅಲ್ಲೀತನಕ ಬಾಕಿ ಇರೋದನ್ನ ಮನೆಯವರ ಯಾರ ಹೆಸರಿಗಾದ್ರೂ ಬದಲಾಯಿಸಿದ್ರೆ ಹಣ ಭದ್ರವಾಗಿರುತ್ತೆ ಅಂದ್ರು. ನನ್ನ ಹೆಸರಿಗೆ ಮಾಡಿಸ್ಕೊಂಡು ಬಂದೆ."

"ಭದ್ರವಾಗಿರೋದು ಯಾರ ಹತ್ರ?"

"ಅವರ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಗೆದ್ದ ಕಳೆ ನಿಧಾನವಾಗಿ ಇಳಿಯಿತು.

"ನಾನಾದ್ರೂ ಟವೆಲ್ ತಂದೆ," ಎಂದ ಗಂಡ.

"ರೀ, ನೀವು ಸುಮ್ನಿರಿ."

ಕೌಂಟರಮ್ಮ ನಗಲಿಲ್ಲ. "ಅಲ್ಲಿ ಕಂಬಳಿ, ಬೆಲ್ಟು ಏನಾದ್ರೂ ಕಟ್ಟಿಸ್ಕೊಂಡ್ಯಾ?"

"ಇಲ್ಲ ಅತ್ತೆ. ಕಟ್ಟೋಕೆ ಬಂದ್ರು, ಶಾಲೆಗೆ ಹೊತ್ತಾಯ್ತು ಅಂತ ಎದ್ದು ಬಂದೆ. ಮೊದಲನೇ ಸಿಟ್ಟಿಂಗ್ ಆಗೋದ್ರೊಳಗೆ ಬೇಡ ಅಂದ್ರೆ ಸೇರೋ ಶುಲ್ಕ ಹಿಡ್ಕೊಂಡು ಉಳಿದಿದ್ದನ್ನ ಕೊಡಬೇಕು ಅಂತ ಅವರ ಕರಾರಿನಲ್ಲೇ ಇದೆ. ಓದಿದ್ದೀನಿ."

"ಹಾಗಾದ್ರೆ ಇನ್ನೂ ಉಸಿರಿದೆ," ಎಂದರು ಅತ್ತೆ. "ನಾಳೆ ನಾನೂ ಬರ್ತೀನಿ. ಆದ್ರೆ ಒಂದು ತಿಳ್ಕೊ. ಹಣ ಈಗ ನಿನ್ನ ಹೆಸರಲ್ಲಿದೆ. ಬೇಡ ಅನ್ನಬೇಕಾದವಳು ನೀನು. ನಾನು ಗಂಟಲು ಹರ್ಕೊಂಡ್ರೂ ಅದು ಲೆಕ್ಕಕ್ಕಿಲ್ಲ."

"ಅಂತೀನಿ ಅತ್ತೆ. ಅದರಲ್ಲೇನಿದೆ?"

ಅದರಲ್ಲಿ ಇದ್ದದ್ದನ್ನು ಸೊಸೆ ಹೇಳಲಿಲ್ಲ. ಶಾಲೆಯ ಮಕ್ಕಳು ಬೆನ್ನ ಹಿಂದೆ ಅವಳನ್ನು ದಪ್ಪ ಮಿಸ್ಸು ಎನ್ನುತ್ತಿದ್ದರು. ಮಕ್ಕಳದು ತಪ್ಪಿರಲಿಲ್ಲ, ಆ ವಯಸ್ಸಿನಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳುವುದನ್ನು ಅವಳೇ ಕಲಿಸಿದ್ದಳು. ಈ ಸಂಗತಿಯನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಕೌನ್ಸೆಲರ್ ಹುಡುಗಿ ಒಂದು ಲೋಟ ಬಿಸಿನೀರು ಕೊಟ್ಟು, ತಲೆ ಓರೆ ಮಾಡಿ, "ನಿಮಗೋಸ್ಕರ ನೀವು ಏನೂ ಮಾಡ್ಕೊಳ್ಳೋದೇ ಇಲ್ವಲ್ಲ ಅಕ್ಕ," ಎಂದಾಗ ಅದು ತಾನಾಗಿ ಹೊರಗೆ ಬಿದ್ದಿತ್ತು. ಹಣವನ್ನು ತನ್ನ ಹೆಸರಿಗೆ ಬರೆಸಿಕೊಂಡಾಗ ಅತ್ತೆಯ ಮಂಡಿಯನ್ನು ಕಾಪಾಡುತ್ತಿದ್ದೇನೆ ಎಂಬ ನಂಬಿಕೆ ಅವಳಿಗಿತ್ತು. ಅದರ ಕೆಳಗೆ ಇನ್ನೊಂದು ಆಸೆಯೂ ಇತ್ತು, ಮತ್ತು ಅದು ಇದೆಯೆಂಬುದು ಅವಳಿಗೆ ಗೊತ್ತಿತ್ತು.

ಮರುದಿನ ಬೆಳಗ್ಗೆ ಕೌಂಟರಮ್ಮ ಗೋಡೆ ಹಿಡಿದು, ಸೊಸೆಯ ಕೈ ಹಿಡಿದು, ಮೂರು ಮಹಡಿ ಇಳಿದರು. ಬಾಡಿಗೆ ಕಾರಿನಲ್ಲಿ ಕೂತು ಉಸಿರು ಸರಿಮಾಡಿಕೊಂಡ ಮೇಲೆ ಸೊಸೆಗೆ ಪಾಠ ಶುರುವಾಯಿತು.

"ಕೂತ್ಕೊಳ್ಳಿ ಅಂತಾರೆ. ಕೂರಬೇಡ. ಕುಡಿಯೋಕೆ ಕೊಡ್ತಾರೆ. ಕುಡೀಬೇಡ. ಮನೇಲಿ ಹೇಗಿದ್ದೀರಿ ಅಂತ ಕೇಳ್ತಾರೆ. ಚೆನ್ನಾಗಿದ್ದೀವಿ ಅನ್ನು, ಮುಂದಕ್ಕೆ ಬಾಯಿಗೆ ಬೀಗ."

"ನೀವು ಹೇಗೆ ನಿಲ್ತೀರಿ ಅತ್ತೆ, ಈ ಮಂಡೀಲಿ?"

"ಈ ಮಂಡಿಗೋಸ್ಕರಾನೇ ನಿಲ್ಲೋದು."

ಕೌಂಟರಮ್ಮನಿಗೆ ಕುರ್ಚಿಯ ವಿಚಾರ ಚೆನ್ನಾಗಿ ಗೊತ್ತಿತ್ತು. ಜವಳಿ ಅಂಗಡಿಯ ಆ ಕೌಂಟರಿನ ಮುಂದೆ ಗಿರಾಕಿಗೆಂದು ಕುರ್ಚಿ ಹಾಕಿಸಿದವರು ಅವರೇ. ಸಿಟ್ಟು ಹೊತ್ತು ಬಂದವರನ್ನು ಮೊದಲು ಕೂರಿಸಬೇಕು, ನೀರು ಕೊಡಬೇಕು, ಮಗು ಯಾವ ಕ್ಲಾಸು ಎಂದು ಕೇಳಬೇಕು. ಲೋಟ ಖಾಲಿಯಾಗುವ ಹೊತ್ತಿಗೆ ಹಣ ಬೇಕೆಂದು ಬಂದವರು ಬೇರೆ ಬಟ್ಟೆ ತೆಗೆದುಕೊಳ್ಳಲು ಒಪ್ಪಿರುತ್ತಿದ್ದರು, ಹೋಗುವಾಗ ಎರಡು ಜೊತೆ ಕಾಲುಚೀಲವನ್ನೂ ಕೊಂಡಿರುತ್ತಿದ್ದರು. ಆದರೆ ಕೆಲವರು ಕೂರುತ್ತಿರಲಿಲ್ಲ. ಕೂಗಾಡುತ್ತಲೂ ಇರಲಿಲ್ಲ. ಚೀಲವನ್ನು ಕೌಂಟರಿನ ಮೇಲಿಟ್ಟು ಸುಮ್ಮನೆ ನಿಂತಿರುತ್ತಿದ್ದರು. ಅಂಥವರನ್ನು ಕಂಡರೆ ಮಾಲೀಕನೇ ಒಳಗಿನಿಂದ ಕಣ್ಸನ್ನೆ ಮಾಡುತ್ತಿದ್ದ: ಕೊಟ್ಟು ಕಳಿಸು.

ಕೇಂದ್ರದ ಮುಂಗೋಣೆ ತಂಪಾಗಿತ್ತು. ಗೋಡೆಯ ಮೇಲೆ ಜನರ ಜೋಡಿ ಜೋಡಿ ಚಿತ್ರಗಳು: ಸೇರುವ ಮೊದಲು, ಸೇರಿದ ಮೇಲೆ. ಮೊದಲಿನ ಚಿತ್ರಗಳಲ್ಲಿ ಎಲ್ಲರೂ ಒಂದು ಅಳತೆ ಚಿಕ್ಕ ಬಟ್ಟೆ ತೊಟ್ಟಿದ್ದರು, ಆಮೇಲಿನವುಗಳಲ್ಲಿ ಒಂದು ಅಳತೆ ದೊಡ್ಡದು. ಕೌಂಟರಮ್ಮನ ಜವಳಿ ಅಂಗಡಿಯ ಕಣ್ಣಿಗೆ ಅದು ತಕ್ಷಣ ಬಿತ್ತು. ಸೋಫಾ ಎಷ್ಟು ಮೆತ್ತಗೆ, ಎಷ್ಟು ತಗ್ಗಿನಲ್ಲಿತ್ತೆಂದರೆ ಕೂತವರನ್ನು ಎಬ್ಬಿಸಲು ಇನ್ನೊಬ್ಬರು ಬೇಕು.

ಸೊಸೆ ಕೂತೇಬಿಟ್ಟಿದ್ದಳು.

ಕೌಂಟರಮ್ಮ ಅವಳನ್ನು ನೋಡಿದರು. "ಅಭ್ಯಾಸ ಅತ್ತೆ," ಎಂದಳು ಅವಳು ಪಿಸುದನಿಯಲ್ಲಿ, ಏಳಲು ನೋಡಿ ಮತ್ತೆ ಒಳಕ್ಕೆ ಕುಸಿದಳು.

ಕೌನ್ಸೆಲರ್ ಹುಡುಗಿ ಓಡಿಬಂದಳು. ಇಪ್ಪತ್ತು ದಾಟಿದ, ನಗುಮುಖದ, ಅಚ್ಚುಕಟ್ಟಾಗಿ ತಲೆ ಬಾಚಿದ ಹುಡುಗಿ. "ಅಮ್ಮಾ, ಬನ್ನಿ ಬನ್ನಿ. ನೀವೇ ಬಂದ್ರಲ್ಲ, ಖುಷಿ ಆಯ್ತು. ಕೂತ್ಕೊಳ್ಳಿ."

"ನಿಂತೇ ಹೇಳ್ತೀನಮ್ಮ. ಇವಳ ಹೆಸರಲ್ಲಿರೋ ಹಣ ವಾಪಸ್ ಬೇಕು. ಸಿಟ್ಟಿಂಗ್ ಒಂದೂ ಆಗಿಲ್ಲ. ನನ್ನ ಡಾಕ್ಟರ ಚೀಟಿ ಇಲ್ಲಿದೆ. ಶನಿವಾರದೊಳಗೆ ಆಸ್ಪತ್ರೆಗೆ ಕಟ್ಟಬೇಕು."

"ಖಂಡಿತ ಅಮ್ಮ. ಅದು ಸರ್ ನೋಡ್ಬೇಕು. ಸರ್ ಮೀಟಿಂಗ್‌ನಲ್ಲಿದ್ದಾರೆ."

"ಕಾಯ್ತೀನಿ."

"ಕೂತ್ಕೊಂಡು ಕಾಯಿರಿ ಅಮ್ಮ."

"ನಿಂತ್ಕೊಂಡು ಕಾಯ್ತೀನಿ."

ಹುಡುಗಿ ನೀರು ತಂದಳು, ಬೇಡವೆನಿಸಿಕೊಂಡಳು. ಹಸಿರು ಚಹಾ ತಂದಳು, ಅದೂ ಬೇಡವಾಯಿತು. ಸೋಫಾ ತಗ್ಗಾಯಿತೇನೋ ಎಂದು ಒಳಗಿನಿಂದ ಚಕ್ರದ ಕುರ್ಚಿ ತಳ್ಳಿಕೊಂಡು ಬಂದಳು, ಅದಾದ ಮೇಲೆ ಎತ್ತರದ ಸ್ಟೂಲು, ಸ್ಟೂಲಿಗೊಂದು ದಿಂಬು. ಕೌಂಟರಮ್ಮನ ಸುತ್ತ ಪೀಠೋಪಕರಣದ ಅಂಗಡಿಯೇ ಎದ್ದು ನಿಂತಿತು. ಅವರು ಅದರ ಮಧ್ಯೆ ಕೈಚೀಲವನ್ನು ಎದೆಗೊತ್ತಿಕೊಂಡು ನಿಂತರು.

"ಎಷ್ಟು ಅಂತ ಹೊರ್ತೀಯಾ, ಸೊಂಟ ಉಳುಕೀತು," ಎಂದರು ಹುಡುಗಿಗೆ. ಹುಡುಗಿ ತಡೆಯಲಾರದೆ ನಕ್ಕಳು, ತಕ್ಷಣ ಒಳಬಾಗಿಲ ಕಡೆ ನೋಡಿ ನಗು ನುಂಗಿದಳು.

ಆಮೇಲೆ ಅವಳು ಸೊಸೆಯ ಪಕ್ಕದಲ್ಲಿ ಕುಳಿತಳು. "ಅಕ್ಕ, ಸರ್ ಬರೋತನಕ ಸುಮ್ನೆ ಯಾಕೆ ಕೂತಿರ್ತೀರಿ? ಒಳಗೆ ಬನ್ನಿ, ಬೆಲ್ಟ್ ಹಾಕ್ಕೊಂಡು ಹಾಯಾಗಿ ಮಲಗಿ. ಅದಕ್ಕೇನೂ ದುಡ್ಡಿಲ್ಲ."

ಸೊಸೆಯ ಕೈ ಸೋಫಾದ ಅಂಚಿಗೆ ಹೋಯಿತು. ಆ ಬೆಲ್ಟ್ ಒಮ್ಮೆ ಕಟ್ಟಿದರೆ ಅದೇ ಮೊದಲನೆಯ ಸಿಟ್ಟಿಂಗ್. ಆಮೇಲೆ ಕೇಳಲು ಏನೂ ಉಳಿಯುವುದಿಲ್ಲ. ಇದು ಅವಳಿಗೂ ಗೊತ್ತು. ಆದರೂ ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಯಂತ್ರದ ಸದ್ದು ಜೋಗುಳದಂತೆ ಕೇಳುತ್ತಿತ್ತು.

"ನನ್ನ ಕನ್ನಡಕ ನಿನ್ನ ಚೀಲದಲ್ಲಿದೆಯಾ ನೋಡೇ," ಎಂದರು ಕೌಂಟರಮ್ಮ.

ಕನ್ನಡಕ ಅವರ ಮೂಗಿನ ಮೇಲೆಯೇ ಇತ್ತು. ಸೊಸೆ ಅದನ್ನು ನೋಡಿ ಕೈಯನ್ನು ಮಡಿಲಿಗೆ ತಂದುಕೊಂಡಳು.

ಅಷ್ಟರಲ್ಲಿ ಗಂಡಹೆಂಡಿರಿಬ್ಬರು ಬಾಗಿಲು ತಳ್ಳಿ ಬಂದರು. ವಿಚಾರಿಸಲು ಬಂದ ಹೊಸಬರು. ಹುಡುಗಿ ಎದ್ದು ಅವರಿಗೆ ನೀರು ತರಲು ಹೋದಳು. ಇಷ್ಟೊಂದು ಕುರ್ಚಿಗಳ ನಡುವೆ ನಿಂತಿದ್ದ ಹಿರಿಯಾಕೆಯನ್ನು ಆ ಹೆಂಗಸು ಕುತೂಹಲದಿಂದ ನೋಡಿದಳು.

"ನೀವೂ ಇಲ್ಲಿ ಸೇರಿದ್ದೀರಾ ಅಮ್ಮ? ಹೇಗಿದೆ?"

"ತಂಪಾಗಿದೆ," ಎಂದರು ಕೌಂಟರಮ್ಮ.

"ಅಲ್ಲ, ಪರಿಣಾಮ?"

"ಅದು ಗೊತ್ತಿಲ್ಲಮ್ಮ. ನಂಗೆ ಮಂಡಿ ಆಪರೇಷನ್ ಇದೆ. ಕಟ್ಟಿದ ಹಣ ವಾಪಸ್ ತೊಗೊಳೋಕೆ ಬಂದಿದ್ದೀನಿ."

"ಕೊಡ್ತಾರಂತಾ?"

"ಕರಾರಿನಲ್ಲಿದೆ. ಕಾಯ್ತಾ ಇದ್ದೀನಿ."

ಇದಕ್ಕಿಂತ ಒಂದು ಅಕ್ಷರ ಹೆಚ್ಚು ಹೇಳಲಿಲ್ಲ. ಗಂಡ ಹೆಂಡತಿಯ ಮುಖ ನೋಡಿದ. "ಗಾಡಿ ಲಾಕ್ ಮಾಡಿದ್ನೋ ಇಲ್ವೋ, ನೋಡ್ಕೊಂಡು ಬರ್ತೀನಿ," ಎಂದ. "ನಾನೂ ನೋಡ್ತೀನಿ," ಎಂದಳು ಹೆಂಡತಿ. ಒಂದು ಗಾಡಿಯ ಬೀಗವನ್ನು ನೋಡಲು ಇಬ್ಬರು ಬೇಕಾದರು. ಹುಡುಗಿ ನೀರಿನ ಎರಡು ಲೋಟ ಹಿಡಿದು ಬರುವಷ್ಟರಲ್ಲಿ ಅವರು ಮೆಟ್ಟಿಲ ಮೇಲಿದ್ದರು.

ಒಳಗಿನ ಮೀಟಿಂಗ್ ಆ ಕ್ಷಣದಲ್ಲೇ ಮುಗಿಯಿತು.

ಮ್ಯಾನೇಜರ್ ಮಧ್ಯವಯಸ್ಸಿನವನು, ಮೃದುವಾದ ದನಿಯವನು. "ಮೇಡಂ, ನನ್ನ ರೂಮಿಗೆ ಬನ್ನಿ, ಆರಾಮಾಗಿ ಕೂತು ಮಾತಾಡೋಣ," ಎಂದ.

"ಇಲ್ಲೇ ಆರಾಮಾಗಿದೆ ಸರ್."

ಅವನು ತನ್ನ ಬಳಿಯಿದ್ದುದನ್ನೆಲ್ಲ ಒಂದೊಂದಾಗಿ ಮುಂದಿಟ್ಟ. ಸಿಟ್ಟಿಂಗ್‌ಗಳನ್ನು ವರ್ಷದ ಮಟ್ಟಿಗೆ ನಿಲ್ಲಿಸಿ ಇಡಬಹುದು. ಬೇಡ. ಅಷ್ಟೇ ಬೆಲೆಯ, ತೂಕ ಇಳಿಸುವ ಪುಡಿಯ ಡಬ್ಬಿಗಳನ್ನು ಕೊಡಬಹುದು. ಬೇಡ. ಮಂಡಿಗೆಂದೇ ಒಂದು ಬೆಳಕಿನ ಚಿಕಿತ್ಸೆ ಇದೆ, ಆಪರೇಷನ್ನೇ ಬೇಕಾಗದೆ ಹೋಗಬಹುದು. ಬೇಡ. ಕೌಂಟರಮ್ಮ ಪ್ರತಿಸಲವೂ ಅದೇ ದನಿಯಲ್ಲಿ ಬೇಡವೆಂದರು, ಮಾತಿನ ಕೊನೆಯಲ್ಲಿ ಸರ್ ಎಂದು ಸೇರಿಸಿದರು. ಆದರೆ ಬಲಗಾಲು ನಡುಗಲು ತೊಡಗಿತ್ತು. ಅವರು ಮೇಜಿನ ಅಂಚನ್ನು ಹಿಡಿದುಕೊಂಡರು.

ಮ್ಯಾನೇಜರ್ ಅದನ್ನು ಗಮನಿಸಿದ. ದನಿ ಇನ್ನಷ್ಟು ತಗ್ಗಿಸಿದ. "ಮೇಡಂ, ಒಂದು ಮಾತು ಹೇಳಬಾರದು, ಆದರೂ ಹೇಳ್ತೀನಿ. ಈ ಹಣ ವಾಪಸ್ ಹೋದ್ರೆ ನಷ್ಟ ಕಂಪನಿಗಲ್ಲ. ಇದನ್ನ ಮಾರಿದ್ದು ಈ ಹುಡುಗಿ. ಇವಳ ಸಂಬಳದಲ್ಲಿ ಕಡಿತ ಆಗುತ್ತೆ."

ಕೌಂಟರಮ್ಮ ಹುಡುಗಿಯ ಕಡೆ ತಿರುಗಿದರು. "ಹೌದೇನಮ್ಮ?"

ಹುಡುಗಿ ತಲೆ ತಗ್ಗಿಸಿ ಹೌದೆಂದಳು. ನಟನೆಯಲ್ಲ ಎಂಬುದು ಕೌಂಟರಮ್ಮನಿಗೆ ತಿಳಿಯಿತು; ಅವರ ಅಂಗಡಿಯಲ್ಲೂ ಹಿಂದಕ್ಕೆ ಬಂದ ಬಟ್ಟೆಯ ನಷ್ಟ ಮಾಲೀಕನವರೆಗೆ ಎಂದೂ ಏರಿದ್ದಿಲ್ಲ. ಅವರು ಮ್ಯಾನೇಜರಿಗೆ, "ಅದು ಅನ್ಯಾಯ ಸರ್," ಎಂದರು. "ಆದ್ರೆ ಆ ಅನ್ಯಾಯ ನಿಮ್ಮದು. ನನ್ನ ಮಂಡಿ ಹಾಕಿ ಅದನ್ನ ಮುಚ್ಚೋಕಾಗಲ್ಲ."

ಅವನು ನಿಟ್ಟುಸಿರುಬಿಟ್ಟ. ಇನ್ನು ಈಕೆಯೊಡನೆ ಮಾತು ವ್ಯರ್ಥವೆಂದು ತಿಳಿದವನಂತೆ ಸ್ಟೂಲನ್ನು ಎಳೆದುಕೊಂಡು ಸೊಸೆಯ ಎದುರಿಗೆ ಕುಳಿತ.

"ಮೇಡಂ, ಹಣ ನಿಮ್ಮ ಹೆಸರಲ್ಲಿದೆ. ಅತ್ತೆಯವರ ಮಾತು ಅವರದು. ನಿರ್ಧಾರ ನಿಮ್ಮದು. ನಿಮಗೆ ನಿಜವಾಗ್ಲೂ ಬೇಡ್ವಾ?"

ಸೊಸೆ ಅರ್ಧ ತೆರೆದಿದ್ದ ಒಳಬಾಗಿಲ ಕಡೆ ನೋಡಿದಳು.

ಅವನು ಹುಡುಗಿಗೆ ಹೇಳಿದ: "ಮೇಡಂ ನಿನ್ನೆ ನಿನ್ನ ಹತ್ರ ಏನೋ ಹೇಳ್ಕೊಂಡಿದ್ರಂತಲ್ಲ. ಶಾಲೆ ವಿಷಯ. ಹೇಳು."

"ಸರ್, ಅದು..."

"ಹೇಳಮ್ಮ. ಅವರ ಒಳ್ಳೇದಕ್ಕೇ ತಾನೆ?"

ಹುಡುಗಿ ನೆಲವನ್ನು ನೋಡುತ್ತ ಹೇಳಿದಳು: "ಮಕ್ಕಳು ಮೇಡಂನ ದಪ್ಪ ಮಿಸ್ಸು ಅಂತಾರಂತೆ."

ಸೊಸೆಯ ಕಿವಿಯವರೆಗೆ ಕೆಂಪೇರಿತು. ಅವಳು ಅತ್ತೆಯ ಕಡೆ ನೋಡಲಿಲ್ಲ.

ಕೌಂಟರಮ್ಮ ಅದುವರೆಗೆ ಕೇಳಿರದ ಸಂಗತಿ ಅದು. ಈಗ ಒಂದು ಮಾತು ಗದರಿಸಿ ಹೇಳಿದ್ದರೆ ಸೊಸೆ ಬೇಡವೆಂದುಬಿಡುತ್ತಿದ್ದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅಷ್ಟನ್ನು ಅವರು ಬಲ್ಲರು. ಹೇಳಬೇಕೆಂದು ನಾಲಿಗೆಯ ತುದಿಗೂ ಬಂತು. ಆದರೆ ಹಾಗೆ ಅನ್ನಿಸಿದರೆ ಅದು ಅವಳ ಮಾತಾಗುತ್ತಿರಲಿಲ್ಲ, ಎದುರಿಗಿದ್ದವನು ಮಾಡುತ್ತಿದ್ದುದಕ್ಕೂ ತಾನು ಮಾಡುವುದಕ್ಕೂ ಹೆಚ್ಚು ವ್ಯತ್ಯಾಸ ಇರುತ್ತಿರಲಿಲ್ಲ. ಅವರು ತುಟಿ ಕಚ್ಚಿ ನಿಂತರು. ಕಾಲು ಈಗ ಎಲ್ಲರಿಗೂ ಕಾಣುವಂತೆ ನಡುಗುತ್ತಿತ್ತು.

"ಇನ್ನೂ ಎಷ್ಟು ದಿನ ಆ ಮಾತು ಕೇಳಿಸ್ಕೊಂಡಿರ್ತೀರಿ ಮೇಡಂ?" ಎಂದ ಮ್ಯಾನೇಜರ್. "ಒಂದು ಹೆಜ್ಜೆ. ಒಳಗೆ ಬನ್ನಿ. ಇವತ್ತೇ ಶುರು ಮಾಡೋಣ."

ಸೊಸೆ ಸೋಫಾದಿಂದ ಏಳಲು ಪ್ರಯತ್ನಿಸಿದಳು. ಮೊದಲ ಸಲ ಆಗಲಿಲ್ಲ. ಮ್ಯಾನೇಜರ್ ನೆರವಿಗೆ ಕೈ ಚಾಚಿದ. ಅದನ್ನು ಹಿಡಿಯದೆ, ಪಕ್ಕದ ಚಕ್ರದ ಕುರ್ಚಿಗೆ ಆನಿಕೊಂಡು, ಕುರ್ಚಿ ಜಾರಿ, ಮತ್ತೆ ಆನಿಕೊಂಡು ಅಂತೂ ಎದ್ದಳು. ನೆಟ್ಟಗೆ ಅತ್ತೆಯ ಬಲಕ್ಕೆ ಹೋಗಿ ನಿಂತು ಅವರ ತೋಳನ್ನು ತನ್ನ ಹೆಗಲ ಮೇಲೆ ಹಾಕಿಕೊಂಡಳು.

"ಭಾರ ಬಿಡಿ ಅತ್ತೆ, ತಡೀತೀನಿ," ಎಂದಳು. ಆಮೇಲೆ ಮ್ಯಾನೇಜರಿಗೆ, "ಬೇಡ ಸರ್."

"ಯೋಚನೆ ಮಾಡಿ ಮೇಡಂ. ಆತುರ ಏನಿಲ್ಲ."

"ಯೋಚನೆ ಮಾಡಿದ್ದೀನಿ. ನನಗೆ ಬೇಕು. ಸುಳ್ಳು ಯಾಕೆ ಹೇಳಲಿ, ತುಂಬಾನೇ ಬೇಕು. ಆದ್ರೂ ಬೇಡ."

"ಬೇಕು ಅಂತೀರಿ, ಬೇಡ ಅಂತೀರಿ. ಯಾಕೆ ಅಂತ ಹೇಳಿ?"

"ಇವರ ಮಂಡಿ ಕಾಯಲ್ಲ ಸರ್. ನನ್ನ ದಪ್ಪ ಕಾಯುತ್ತೆ. ಎಲ್ಲಿಗೂ ಓಡಿಹೋಗಲ್ಲ ಅದು."

ಮೇಜಿನ ಹಿಂದಿದ್ದ ಹುಡುಗಿಯ ಗಂಟಲಿಂದ ಸಣ್ಣ ಸದ್ದೊಂದು ಬಂತು. ನಗುವೋ ಅಳುವೋ ತಿಳಿಯಲಿಲ್ಲ.

ಹಣ ಖಾತೆಗೆ ಬರಲು ಮೂರು ವಾರ ಬೇಕಾಗುತ್ತದೆ ಎಂದ ಮ್ಯಾನೇಜರ್. "ಪರವಾಗಿಲ್ಲ ಸರ್," ಎಂದರು ಕೌಂಟರಮ್ಮ, "ಇಲ್ಲೇ ಇರ್ತೀವಿ." ಈಗ ನಿಂತಿದ್ದವರು ಇಬ್ಬರು, ಅದೂ ಬಾಗಿಲಿಗೆ ನೇರ. ಗಾಜಿನಾಚೆ ಲಿಫ್ಟ್ ತೆರೆದು ಮೂವರು ಹೆಂಗಸರು ಮಾತಾಡುತ್ತ ಹೊರಬಂದರು, ಬಾಗಿಲ ಮೇಲಿನ ಫಲಕವನ್ನು ಓದತೊಡಗಿದರು. ಮ್ಯಾನೇಜರ್ ಅವರನ್ನು ನೋಡಿದ, ಇವರನ್ನು ನೋಡಿದ, ಕಂಪ್ಯೂಟರಿನ ಮುಂದೆ ಹೋಗಿ ಕುಳಿತ. ಆ ಮೂವರು ಬಾಗಿಲು ತಳ್ಳುವ ಮೊದಲೇ ಸೊಸೆಯ ಫೋನು ಸದ್ದು ಮಾಡಿತು.

"ಓದು," ಎಂದರು ಅತ್ತೆ.

ಸೊಸೆ ಓದಿದಳು. ಸೇರುವ ಶುಲ್ಕವನ್ನು ಮುರಿದುಕೊಂಡಿದ್ದರು. ಉಳಿದದ್ದು ಮುಂಗಡಕ್ಕೆ ಸಾಲುತ್ತಿತ್ತು.

"ಬರ್ತೀವಿ ಸರ್. ಉಪಕಾರ ಆಯ್ತು," ಎಂದರು ಕೌಂಟರಮ್ಮ. ಕೆಲಸ ಮುಗಿದ ಮೇಲೆ ಹಾಗೆ ಹೇಳುವುದು ಅವರ ವೃತ್ತಿಯ ಶಿಸ್ತು, ಅದರಲ್ಲಿ ಅಣಕವಿರಲಿಲ್ಲ.

ಲಿಫ್ಟಿನವರೆಗೆ ಹುಡುಗಿ ಜೊತೆಗೆ ಬಂದಳು. ಗುಂಡಿ ಒತ್ತಿ, ಬಾಗಿಲು ತೆರೆದ ಮೇಲೆ ಹೇಳಿದಳು: "ಅಕ್ಕ, ನಾನು ಆ ಮಾತು ಹೇಳಬಾರದಿತ್ತು."

"ಹೇಳಬಾರದಿತ್ತು," ಎಂದಳು ಸೊಸೆ. ಬಯ್ಯಲಿಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ.

ಕೌಂಟರಮ್ಮ ಲಿಫ್ಟಿನ ಕಂಬಿ ಹಿಡಿದುಕೊಂಡು ಹುಡುಗಿಯನ್ನು ನೋಡಿದರು. "ಸಂಬಳ ಕಡಿದ್ರೆ ಹೋಗಿ ಕೇಳು ಮಗಳೇ. ಕೇಳುವಾಗ ಮಾತ್ರ ಆ ರೂಮಲ್ಲಿ ಕೂತ್ಕೋಬೇಡ."

ಕಾರು ಸೇತುವೆ ದಾಟಿದ ಮೇಲೆ ಸೊಸೆಯೇ ಮಾತು ಆರಂಭಿಸಿದಳು.

"ನಿಮ್ಮ ಆಪರೇಷನ್ ಹಣದ ಮೇಲೆ ಆಸೆ ಪಟ್ಟೆ ಅತ್ತೆ. ನಿಮಗೆ ಗೊತ್ತಾಗಿರುತ್ತೆ."

"ಗೊತ್ತಾಯ್ತು."

"ಬೇಜಾರಾಯ್ತಾ?"

"ಆಸೆ ಪಟ್ಟಿದ್ದಕ್ಕಲ್ಲ. ಆ ಹುಡುಗಿ ಹತ್ರ ಹೇಳ್ಕೊಂಡು ನಮ್ಮ ಹತ್ರ ಹೇಳ್ಕೊಳ್ಳಲಿಲ್ವಲ್ಲ, ಅದಕ್ಕೆ." ಕೌಂಟರಮ್ಮ ಮಂಡಿಯನ್ನು ಎರಡೂ ಕೈಯಿಂದ ಒತ್ತಿಕೊಂಡರು. "ಕೂರಿಸಿ ನೀರು ಕೊಟ್ಟು ಕೇಳೋರಿಗೆ ಎಲ್ಲರೂ ಹೇಳ್ತಾರೆ. ನನ್ನ ಹತ್ರ ಎಷ್ಟು ಜನ ಹೇಳ್ಕೊಂಡಿದ್ದಾರೆ ಗೊತ್ತಾ? ಮನೇಲಿ ಮಾತ್ರ ನಾನೂ ಯಾರನ್ನೂ ಕೂರಿಸಿ ಕೇಳಲಿಲ್ಲ."

ಸೊಸೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. "ಆ ಮಕ್ಕಳಲ್ಲಿ ಒಬ್ಬ ಇದ್ದಾನೆ ಅತ್ತೆ," ಎಂದಳು, "ದಪ್ಪ ಮಿಸ್ಸು ಅಂತ ಕೂಗಿ ಓಡೋಕೆ ಹೋಗ್ತಾನೆ, ಓಡೋಕೆ ಅವನಿಗೇ ಆಗಲ್ಲ. ನನಗಿಂತ ದಪ್ಪ ಇದ್ದಾನೆ."

ಇಬ್ಬರೂ ನಕ್ಕರು. ಡ್ರೈವರನೂ ನಕ್ಕ, ಅವನನ್ನು ಯಾರೂ ಕೇಳಿರಲಿಲ್ಲ.

ಮನೆಯಲ್ಲಿ ಮಗ ಫೋನಿನ ಸಂದೇಶವನ್ನು ಎರಡು ಸಲ ಓದಿ ಹುಬ್ಬು ಗಂಟಿಕ್ಕಿದ. "ಸೇರೋ ಶುಲ್ಕ ಯಾಕೆ ಬಿಟ್ಟು ಬಂದ್ರಿ? ನಾಳೆ ನಾನು ಹೋಗಿ..."

"ನೀನು ಆಸ್ಪತ್ರೆಗೆ ಹೋಗಿ ಮುಂಗಡ ಕಟ್ಟು," ಎಂದರು ತಾಯಿ. "ಬೇರೆಲ್ಲೂ ನಿಲ್ಲಬೇಡ."

"ಯಾರಾದ್ರೂ ಕಾಫಿ ಕೊಟ್ರೆ ಕುಡೀಬೇಡಿ," ಎಂದಳು ಹೆಂಡತಿ.

ಅವನು ಹೋಗಿ ಕಟ್ಟಿ ಬಂದ.

ಗೊತ್ತಾದ ದಿನ ಬೆಳಗ್ಗೆ ಕೌಂಟರಮ್ಮ ಆಸ್ಪತ್ರೆಯ ಹಾಸಿಗೆಯಲ್ಲಿ ಹಸಿರು ನಿಲುವಂಗಿ ತೊಟ್ಟು ಮಲಗಿದ್ದರು. ಸೊಸೆ ಶಾಲೆಗೆ ರಜೆ ಹಾಕಿ ಪಕ್ಕದಲ್ಲಿದ್ದಳು. ನರ್ಸ್ ಬಂದು, "ಯಾವ ಮಂಡಿ ಅಮ್ಮ?" ಎಂದು ಕೇಳಿದಳು. "ಬಲಗಡೆದು," ಎಂದರು. ನರ್ಸ್ ಬರೆದುಕೊಂಡು ಹೋದಳು. ಅರಿವಳಿಕೆ ಕೊಡುವ ಡಾಕ್ಟರು ಬಂದರು. ಕೈಯಲ್ಲಿದ್ದ ಕಾಗದದಲ್ಲಿ ಎಲ್ಲವೂ ಇತ್ತು, ಆದರೂ ಕೇಳಿದರು. "ಬಲಗಡೆದು." ಕೊನೆಗೆ ಆಪರೇಷನ್ ಮಾಡುವ ಡಾಕ್ಟರೇ ಬಂದು, ಪೆನ್ನಿನ ಮುಚ್ಚಳ ತೆಗೆದು, ಹಾಸಿಗೆಯ ಬಳಿ ಬಾಗಿ ಮತ್ತೊಮ್ಮೆ ಅದನ್ನೇ ಕೇಳಿದರು.

"ಇವರಿಗೆಲ್ಲ ಏನಾಗಿದೆ ಅತ್ತೆ, ಒಂದೇ ಪ್ರಶ್ನೆ!" ಎಂದಳು ಸೊಸೆ.

"ಕೇಳಲಿ ಬಿಡು," ಎಂದರು ಕೌಂಟರಮ್ಮ. ಅವರಿಗೆ ಅದು ಹಿತವಾಗಿಯೇ ಇತ್ತು. ಎಲ್ಲರೂ ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದರು, ಆಕೆ ಒಂದೇ ಉತ್ತರವನ್ನು ಕೊಡುತ್ತಿದ್ದರು, ಆ ಉತ್ತರವನ್ನು ಬದಲಾಯಿಸಲು ಯಾರೂ ಪ್ರಯತ್ನಿಸುತ್ತಿರಲಿಲ್ಲ. "ಬಲಗಡೆದು ಡಾಕ್ಟರೇ," ಎಂದರು. ಡಾಕ್ಟರು ಮಂಡಿಯ ಮೇಲೆ ಬಾಣದ ಗುರುತು ಹಾಕಿದರು.